ಸೀಟಪ್ಪನ ಮಗಳಿಗೊಂದು ಸೀಟು

ಸರ್ಕಾರಿ ಕಾಲೇಜಿನ ಗೇಟಿನ ಬಣ್ಣ ಕಿತ್ತುಹೋಗಿತ್ತು. ಸೀಟಪ್ಪನಿಗೆ ಅಷ್ಟು ಸಾಕಾಯಿತು. ಸ್ಕೂಟರಿಗೆ ಸ್ಟ್ಯಾಂಡು ಹಾಕುವ ಮೊದಲೇ, “ನೋಡಿದ್ಯಾ ಪುಟ್ಟಿ, ಬಾಗಿಲಲ್ಲೇ ಬಂಡವಾಳ ಬಯಲಾಯ್ತು,” ಎಂದ.

ಮಗಳು ಹೆಲ್ಮೆಟ್ಟನ್ನು ಹ್ಯಾಂಡಲಿಗೆ ಸಿಕ್ಕಿಸಿದಳು. “ಇನ್ನೂ ಒಳಗೇ ಕಾಲಿಟ್ಟಿಲ್ಲ ಅಪ್ಪಾ.”

“ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಗೆಲ್ಲ ಕೈ ಹಾಕ್ಬೇಕಾ? ಒಂದಗುಳು ಹಿಚುಕಿದ್ರೆ ಸಾಕು ಕಣೇ.”

ಸೀಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಊರ ಹೊರಗಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನು ಪ್ರವೇಶ ವಿಭಾಗದ ಮುಖ್ಯಸ್ಥ. ಸೀಟು ಬೇಕೆಂದು ಬಂದವರಿಗೆ ಸೀಟು ಕೊಡಿಸುತ್ತಿದ್ದ. ಸುಮ್ಮನೆ ವಿಚಾರಿಸಲು ಬಂದವರಿಗೂ ಕೊಡಿಸಿಯೇ ಕಳಿಸುತ್ತಿದ್ದ. ಮುಂಭಾಗಕ್ಕೆಲ್ಲ ಗಾಜು ಹೊದಿಸಿದ್ದರಿಂದ ಜನ ಅದನ್ನು ಗಾಜಿನ ಕಾಲೇಜು ಎನ್ನುತ್ತಿದ್ದರು. ಬಂದ ತಂದೆತಾಯಿಯರನ್ನು ಎಸಿ ಕೋಣೆಯಲ್ಲಿ ಕೂರಿಸಿ, ಹಣ್ಣಿನ ರಸ ಕುಡಿಸಿ, ಆಮೇಲೆ ಯಂತ್ರಗಳ ಕೊಠಡಿಗೆ ಕರೆದೊಯ್ಯುವುದು ಸೀಟಪ್ಪನ ಪದ್ಧತಿ. ಅಲ್ಲೊಂದು ಲೇತ್ ಇತ್ತು, ಕಬ್ಬಿಣದ ಸರಳನ್ನು ತಿರುಗಿಸಿ ಕೆತ್ತುವ ಯಂತ್ರ, ಮದುವೆ ಹೆಣ್ಣಿನ ಹಾಗೆ ಮಿಂಚುತ್ತ ನಿಂತಿರುತ್ತಿತ್ತು. ಅದಕ್ಕೆ ಮೊಣಕೈ ಊರಿ ನಿಂತು ಅವನು ಮಾತು ಶುರು ಮಾಡಿದನೆಂದರೆ ಮುಗಿಯಿತು, ಎದುರಿಗಿದ್ದವರು ಜೇಬಿಗೆ ಕೈ ಹಾಕಿದಂತೆಯೇ. ಆ ಭಂಗಿಯ ಫೋಟೋ ಕಾಲೇಜಿನ ಜಾಹೀರಾತಿನಲ್ಲೂ ಇತ್ತು: ನೀಲಿ ಟೈ, ಊರಿದ ಮೊಣಕೈ, ಮೂವತ್ತೆರಡೂ ಹಲ್ಲು.

ಸರ್ಕಾರದ್ದು ಎಂದರೆ ಅವನಿಗೆ ಮೈಯೆಲ್ಲ ಉರಿ. ಸರ್ಕಾರಿ ಬಸ್ಸು ಕಂಡರೆ ಮೂಗು ಮುಚ್ಚುತ್ತಿದ್ದ, ಸರ್ಕಾರಿ ಆಸ್ಪತ್ರೆಯ ಮುಂದೆ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದ. ತಾನು ಓದಿದ್ದು ಸರ್ಕಾರಿ ಶಾಲೆಯಲ್ಲೇ ಎಂಬುದನ್ನು ಯಾರಾದರೂ ನೆನಪಿಸಿದರೆ, “ಅದಕ್ಕೇ ತಾನೇ ಹೀಗಿರೋದು,” ಎಂದು ನಕ್ಕುಬಿಡುತ್ತಿದ್ದ. ಆ ಒಂದು ಮಾತಿನಲ್ಲಿ ಮಾತ್ರ ಸತ್ಯವಿತ್ತು.

ಈಗ ಆ ಸರ್ಕಾರಿ ಪೀಡೆ ಅವನ ಕೊರಳಿಗೇ ಬಂದಿತ್ತು. ಮಗಳಿಗೆ ಒಳ್ಳೆಯ ರ‍್ಯಾಂಕು ಬಂತು, ಅವಳು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೇ ಅರ್ಜಿ ಹಾಕುತ್ತೇನೆಂದು ಕೂತಳು, ಅದೂ ಮೆಕ್ಯಾನಿಕಲ್ಲಿಗೆ. ಸೀಟಪ್ಪನಾದರೋ ಈ ಪ್ರವೇಶದ ಹಂಗಾಮಿನಲ್ಲಿ ಬಂದ ಒಬ್ಬೊಬ್ಬ ತಂದೆಗೂ ಎದೆ ಮುಟ್ಟಿಕೊಂಡು ಹೇಳಿಬಿಟ್ಟಿದ್ದ: “ನನ್ನ ಮಗಳನ್ನೂ ಇಲ್ಲೇ ಸೇರಿಸ್ತಿದ್ದೀನಿ ಸ್ವಾಮೀ. ಇದಕ್ಕಿಂತ ಇನ್ನೇನು ಹೇಳಲಿ?” ಅದರ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ನಾಳೆ ಮಗಳು ಸರ್ಕಾರಿ ಕಾಲೇಜಿನ ಮೆಟ್ಟಿಲು ಹತ್ತಿದರೆ ಆ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ, ಮಾತೇ ಬಂಡವಾಳವಾದವನಿಗೆ ಆಮೇಲೆ ಉಳಿಯುವುದೇನು?

ಒಂದು ವಾರ ಮನೆಯಲ್ಲಿ ಜಟಾಪಟಿ ನಡೆಯಿತು. ಕೊನೆಗೆ ಅವನ ಹೆಂಡತಿಯೇ ತೀರ್ಪು ಕೊಟ್ಟಳು: “ಇಬ್ಬರೂ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ನೋಡಿದ ಮೇಲೂ ಅಪ್ಪ ಬೇಡ ಅಂದ್ರೆ ಅವಳು ಸುಮ್ಮನಾಗ್ತಾಳೆ. ಆದ್ರೆ ನೋಡದೇ ಬೈದ್ರೆ ನಾನು ಸುಮ್ಮನಿರಲ್ಲ.” ಅರ್ಜಿ ಹಾಕಲು ಇವತ್ತೇ ಕೊನೆಯ ದಿನ. ಬೈಯುವುದಕ್ಕೆ ಬೇಕಾದ ಸಾಮಾನು ಕಟ್ಟಿಕೊಂಡು ಹೋಗಲು ಸೀಟಪ್ಪ ಟೈ ಬಿಗಿದುಕೊಂಡೇ ಬಂದಿದ್ದ.

ಸಾಮಾನಿಗೇನೂ ಕೊರತೆಯಾಗಲಿಲ್ಲ. ಅಂಗಳದಲ್ಲಿ ಮುರಿದ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕಾರಿಡಾರಿನ ಎರಡು ಟ್ಯೂಬ್‌ಲೈಟು ಸತ್ತಿದ್ದವು, ಮೂರನೆಯದು ಸಾಯಲೋ ಬೇಡವೋ ಎಂದು ಮಿಟುಕುತ್ತಿತ್ತು. ಸೂಚನಾ ಫಲಕದಲ್ಲಿ ಹಳೆಯ ಕಾಗದಗಳ ಮೇಲೆ ಹೊಸ ಕಾಗದ ಅಂಟಿಸಿ ಅಂಟಿಸಿ ದಿಂಬಿನಷ್ಟು ದಪ್ಪವಾಗಿತ್ತು. ಸೀಟಪ್ಪ ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಅವನ ಮುಖದಲ್ಲಿ ಎಂಥ ಸಂತೋಷ ಅಂತೀರಿ! ನಾದಿನಿಯ ಅಡುಗೆಯಲ್ಲಿ ಕೂದಲು ಸಿಕ್ಕಿದ ಅತ್ತಿಗೆಗೂ ಅಷ್ಟು ಸಂತೋಷವಾಗಲಾರದು.

ವಿಚಾರಣೆಯ ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತೆಯೊಬ್ಬಳು ರಬ್ಬರ್ ಮೊಹರು ಒತ್ತುತ್ತಿದ್ದಳು. ಸೀಟಪ್ಪ ಗಂಟಲು ಸರಿಮಾಡಿಕೊಂಡ. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಸರಿಮಾಡಿಕೊಂಡ.

“ಕೆಮ್ಮಿದ್ರೆ ಪಕ್ಕದ ಬೀದೀಲಿ ಆಸ್ಪತ್ರೆ ಇದೆ,” ಎಂದಳು ಗುಮಾಸ್ತೆ. “ಕಾಲೇಜಿನ ವಿಷಯ ಆದ್ರೆ ಬಾಯಿಬಿಟ್ಟು ಕೇಳಿ.”

“ನಮ್ಮ ಹುಡುಗೀನ ಇಲ್ಲಿ ಸೇರಿಸೋದಾ ಬೇಡ್ವಾ ಅಂತ ನೋಡೋಕೆ ಬಂದಿದ್ದೀವಿ.”

“ನೋಡಿ. ಸೇರಿದ್ರೆ ಸೇರಿ, ಬಿಟ್ರೆ ಬಿಡಿ. ನೀವು ಬಿಟ್ಟ ಸೀಟಿಗೆ ಹಿಂದೆ ನೂರು ಜನ ನಿಂತಿದ್ದಾರೆ.”

ಸೀಟಪ್ಪನಿಗೆ ಕಪಾಳಕ್ಕೆ ಬಿಗಿದಂತಾಯಿತು. ಹಣ್ಣಿನ ರಸ ಹಾಳಾಗಿ ಹೋಗಲಿ, ಕೂತ್ಕೊಳ್ಳಿ ಅನ್ನುವಷ್ಟು ನಾಲಿಗೆಯೂ ಇಲ್ಲವೇ ಈಕೆಗೆ! ಇಂಥವಳನ್ನು ತನ್ನ ಕೈಕೆಳಗೆ ಒಂದು ವಾರ ಬಿಟ್ಟರೆ ನಗುವುದನ್ನು ಕಲಿಸಿ ಕಳಿಸುತ್ತಿದ್ದ. ಮಗಳು ಮಾತ್ರ ಕಿಟಕಿಗೆ ಇನ್ನಷ್ಟು ಹತ್ತಿರವಾದಳು.

“ಮೇಡಂ, ಹುಡುಗಿಯರಿಗೆ ಹಾಸ್ಟೆಲ್ ಇದೆಯಾ?”

“ಇದೆ. ಮೊದಲ ವರ್ಷದವರಿಗೆ ಜಾಗ ಸಾಲಲ್ಲ. ಎರಡನೇ ವರ್ಷಕ್ಕೆ ಸಿಗಬಹುದು, ಸಿಗದೇನೂ ಇರಬಹುದು.”

“ಮೇಷ್ಟ್ರುಗಳೆಲ್ಲ ಇದ್ದಾರಾ?”

“ಗಣಿತದವರು ನಿವೃತ್ತಿಯಾದ್ರು. ಆ ಜಾಗ ಖಾಲಿ ಇದೆ. ಬೇರೆ ಕಡೆಯಿಂದ ಒಬ್ಬರು ಬಂದು ಪಾಠ ಮಾಡಿ ಹೋಗ್ತಾರೆ.”

“ಶೌಚಾಲಯ?”

ಗುಮಾಸ್ತೆ ಮೊದಲ ಸಲ ತಲೆ ಎತ್ತಿದಳು. “ಹೆಂಗಸರದ್ದಕ್ಕೆ ಬೀಗ ಹಾಕಿದ್ದಾರೆ, ಕೀಲಿ ಜವಾನನ ಜೇಬಲ್ಲಿದೆ. ನಾನೇ ಮೂರು ಸಲ ದೂರು ಕೊಟ್ಟಿದ್ದೀನಿ. ನೀನೂ ಸೇರಿದ ಮೇಲೆ ಒಂದು ಕೊಡು.”

ಮಗಳ ಮುಖ ಇಳಿಯಿತು. ಅವಳೇನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದವಳಲ್ಲ. ಹಾಸ್ಟೆಲ್ಲಿಲ್ಲದಿದ್ದರೆ ಎರಡು ಬಸ್ಸು ಬದಲಿಸಿ ಓಡಾಡಬೇಕು, ಗಣಿತವೇ ಅವಳ ದುರ್ಬಲ ವಿಷಯ. ಸೀಟಪ್ಪ ಕಬ್ಬಿಣ ಕಾದಿರುವಾಗಲೇ ಬಡಿದ. “ಕೇಳಿದ್ಯಾ? ಮೇಷ್ಟ್ರಿಲ್ಲ, ಮಲಗೋಕೆ ಜಾಗ ಇಲ್ಲ, ಒಂದಕ್ಕೆ ಹೋಗ್ಬೇಕಂದ್ರೂ ಜವಾನನ ಅಪ್ಪಣೆ ಬೇಕು. ಪುಕ್ಕಟೆ ಸಿಗುತ್ತೆ ಅಂತ ಯಾರಾದ್ರೂ ವಿಷ ಕುಡೀತಾರಾ?”

ಮೆಟ್ಟಿಲ ಮೇಲೆ ನಾಲ್ಕೈದು ವಿದ್ಯಾರ್ಥಿಗಳು ಕೂತು ಕಡಲೆ ತಿನ್ನುತ್ತಿದ್ದರು. ಸೀಟಪ್ಪ ಅವರ ಬಳಿ ಹೋಗಿ ಬಹಳ ಮುತುವರ್ಜಿಯಿಂದ, “ಹೇಗಿದೆಯಪ್ಪಾ ನಿಮ್ಮ ಕಾಲೇಜು?” ಎಂದು ಕೇಳಿದ. ಗಾಜಿನ ಕಾಲೇಜಿನಲ್ಲಿ ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ಅವನೇ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದ. ಇಲ್ಲಿ ಬಾಯಿಪಾಠ ಮಾಡಿಸಿದವರು ಯಾರೂ ಇರಲಿಲ್ಲ.

“ದರಿದ್ರ ಕಾಲೇಜು ಸಾರ್,” ಎಂದ ಒಬ್ಬ.

“ಕ್ಯಾಂಟೀನಿನ ಚಹಾ ಕುಡಿದ್ರೆ ಹಿಂದಿನ ಜನ್ಮ ನೆನಪಾಗುತ್ತೆ,” ಎಂದಳು ಇನ್ನೊಬ್ಬಳು.

“ಫಲಿತಾಂಶ ಬರೋ ಹೊತ್ತಿಗೆ ನಾವು ಯಾವ ಪರೀಕ್ಷೆ ಬರೆದಿದ್ವಿ ಅಂತಾನೇ ಮರೆತುಹೋಗಿರುತ್ತೆ.”

ಸೀಟಪ್ಪನಿಗೆ ಅವರನ್ನು ಅಪ್ಪಿ ಮುದ್ದಾಡುವಷ್ಟು ಖುಷಿ. ಮಗಳತ್ತ ಹುಬ್ಬು ಹಾರಿಸಿದ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಕೇಳಿದಳು, “ಮತ್ತೆ ಬೇರೆ ಕಡೆ ಹೋಗಬಹುದಲ್ವಾ?”

ಎಲ್ಲರೂ ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಯಾಕೆ ಹೋಗ್ಬೇಕು?” ಎಂದಳು ಚಹಾವನ್ನು ಬೈದ ಹುಡುಗಿ. “ವರ್ಕ್‌ಶಾಪ್ ಬಿಟ್ಟು? ರಜೆ ದಿನಾನೂ ಬೀಗ ತೆಗೆಸ್ಕೊಂಡು ಕೆಲಸ ಮಾಡ್ತೀವಿ. ಹಿಂದುಗಡೆ ಶೆಡ್ಡಿದೆ, ಹೋಗಿ ನೋಡು. ಮೇಷ್ಟ್ರು ಬೈತಾರೆ, ಬೈಸ್ಕೋ.”

ಶೆಡ್ಡಿನ ಒಳಗೆ ಎಣ್ಣೆಯ ವಾಸನೆ, ಕಬ್ಬಿಣ ಕೊರೆಯುವ ಕಿರುಚಾಟ. ಯಂತ್ರಗಳು ಸೀಟಪ್ಪನಿಗಿಂತ ಹಳೆಯವು. ಬಣ್ಣ ಹೋಗಿ, ಜನರ ಕೈ ತಾಗಿದಲ್ಲೆಲ್ಲ ಕಬ್ಬಿಣ ಬೆಳ್ಳಗಾಗಿತ್ತು. ನೆಲದ ತುಂಬ ಕಬ್ಬಿಣದ ಸುರುಳಿ ಸುರುಳಿ ಸಿಪ್ಪೆ. ಖಾಕಿ ಕೋಟಿನ ಮುದಿ ಮೇಷ್ಟ್ರು ಮೂಲೆಯಲ್ಲಿ ಒಬ್ಬ ಹುಡುಗನಿಗೆ ಮಂಗಳಾರತಿ ಮಾಡುತ್ತಿದ್ದರು. ಹತ್ತಿರದ ಲೇತಿನಲ್ಲಿ ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು. ಅವಳು ಯಂತ್ರ ನಿಲ್ಲಿಸಿ, ಅಳತೆಯ ಉಪಕರಣ ತರಲು ಹಿಂದಿನ ಮೇಜಿನತ್ತ ತಿರುಗಿದಳು.

“ಛೀ, ಇದು ಕಾಲೇಜಾ ಗುಜರಿ ಅಂಗಡಿಯಾ?” ಎನ್ನುತ್ತ ಸೀಟಪ್ಪ ಮುಂದೆ ಬಂದ. ಭಾಷಣಕ್ಕೆ ಸ್ಥಳ ಸಿಕ್ಕಿತ್ತು, ಕೇಳುವವಳು ಎದುರಿಗಿದ್ದಳು. ವರ್ಷಗಟ್ಟಲೆ ಮಾಡಿದ ಅಭ್ಯಾಸ. ಕೈ ತಾನಾಗಿಯೇ ಹೋಯಿತು. ಲೇತಿಗೆ ಮೊಣಕೈ ಊರಿ, ಒಂದು ಕಾಲನ್ನು ಇನ್ನೊಂದರ ಮುಂದಿಟ್ಟು, ಮುಂದಕ್ಕೆ ಬಾಗಿ, “ನಿನಗೆ ಒಂದು ಮಾತು ಹೇಳ್ತೀನಿ ಪುಟ್ಟಿ,” ಎಂದ.

ಮಾತು ಅಷ್ಟಕ್ಕೇ ನಿಂತಿತು. ಮೊಣಕೈಯ ಕೆಳಗಿದ್ದ ಹಿಡಿ ಒತ್ತಿಹೋಗಿ ಯಂತ್ರ ತಿರುಗತೊಡಗಿತ್ತು. ಸರಳಿನ ಮೇಲೆ ಜೋತುಬಿದ್ದಿದ್ದ ನೀಲಿ ಟೈಯ ತುದಿ ಒಂದು ಸುತ್ತು ಸುತ್ತಿಕೊಂಡಿತು, ಇನ್ನೊಂದು ಸುತ್ತು. ಸೀಟಪ್ಪನ ತಲೆ ದಾರ ಎಳೆದ ಬೊಂಬೆಯಂತೆ ಕೆಳಗೆ ಹೋಯಿತು. ಕೂಗಲು ಉಸಿರಿರಲಿಲ್ಲ. ಮಗಳು “ಅಪ್ಪಾ!” ಎಂದು ಚೀರಿ ಅವನ ಭುಜ ಹಿಡಿದು ಎಳೆದಳು. ಟೋಪಿಯ ಹುಡುಗಿ ಹಾರಿ ಬಂದು ಕೆಂಪು ಗುಂಡಿಗೆ ಗುದ್ದಿದಳು. ಯಂತ್ರ ನಿಂತಾಗ ಅವನ ಮೂಗಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣಿತ್ತು. ನಿಧಾನದ ಗಿಯರಿನಲ್ಲಿ ಇಟ್ಟಿದ್ದರು, ಅದೊಂದು ಪುಣ್ಯ.

ಮೇಷ್ಟ್ರು ಓಡಿ ಬಂದವರೇ ಬ್ಲೇಡಿನಿಂದ ಟೈ ಕತ್ತರಿಸಿ ಅವನನ್ನು ಬಿಡಿಸಿದರು. ಕುತ್ತಿಗೆಯಲ್ಲಿ ಕೆಂಪಗೆ ಬರೆ ಎದ್ದಿದ್ದನ್ನು ನೋಡಿ, ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿ ಬಿಟ್ಟರು.

“ಏನ್ರೀ, ಬುದ್ಧಿ ಏನು ಅಡ ಇಟ್ಟು ಬಂದಿದ್ದೀರಾ? ಟೈ ಕಟ್ಕೊಂಡು ಲೇತ್ ಮೇಲೆ ಒರಗ್ತಾರೇನ್ರೀ? ಅದೇನು ನಿಮ್ಮ ಮಾವನ ಮನೆ ಸೋಫಾನಾ? ಮೊದಲನೇ ದಿನ ಬಂದ ಹಸುಗೂಸಿಗೂ ಗೊತ್ತು, ಯಂತ್ರ ನಿಂತಿದೆ ಅಂದ್ರೆ ಸತ್ತಿದೆ ಅಂತಲ್ಲ! ನಲವತ್ತು ವರ್ಷದಲ್ಲಿ ಇಂಥ ಕೆಲಸ ಮಾಡಿದೋರನ್ನ ನಾನು ನೋಡಿಲ್ಲ. ಎಲ್ಲಿ ಕೆಲಸ ಮಾಡೋದು ನೀವು?”

ಶೆಡ್ಡಿನಲ್ಲಿದ್ದವರೆಲ್ಲ ಕೈ ಕೆಲಸ ಬಿಟ್ಟು ನೋಡುತ್ತಿದ್ದರು. ಗಾಜಿನ ಕಾಲೇಜಿನ ಹೆಸರನ್ನು ದಿನಕ್ಕೆ ನೂರು ಸಲ ಹೇಳುವ ಬಾಯಿ ಒಣಗಿತು.

“ಬಟ್ಟೆ ಅಂಗಡಿ,” ಎಂದ ಸೀಟಪ್ಪ.

“ಹಾಗಾದ್ರೆ ಇನ್ನೊಂದು ಟೈ ಸಿಗುತ್ತೆ ಬಿಡಿ,” ಎಂದು ಮೇಷ್ಟ್ರು ಎಣ್ಣೆ ಮೆತ್ತಿದ ತುಂಡನ್ನು ಅವನ ಕೈಗಿತ್ತರು. ನಂತರ ಮಗಳತ್ತ ತಿರುಗಿ, “ನೀನು ಎಳೆದದ್ದು ಒಳ್ಳೇದಾಯ್ತು. ಆದ್ರೆ ಇನ್ನೊಂದ್ಸಲ ಆಳನ್ನ ಎಳೀಬೇಡ, ಕೆಂಪು ಗುಂಡಿ ಒತ್ತು. ಎಲ್ಲಿದೆ ತೋರಿಸು ಆ ಗುಂಡಿ?” ಎಂದರು.

ಅವಳು ತೋರಿಸಿದಳು. ಟೋಪಿಯ ಹುಡುಗಿ ಅವಳಿಗೊಂದು ಟೋಪಿ ಕೊಟ್ಟು, ಹಿಡಿಯನ್ನು ತಿರುಗಿಸಲು ಬಿಟ್ಟಳು. ಸರಳಿನ ಮೈಯಿಂದ ತೆಳ್ಳಗಿನ ಕಬ್ಬಿಣದ ಎಳೆ ಎದ್ದು ಸುರುಳಿಯಾಗಿ ಬಿತ್ತು. ಮಗಳು ಕಣ್ಣು ಕದಲಿಸದೆ ಅದನ್ನೇ ನೋಡುತ್ತಿದ್ದುದನ್ನು ಸೀಟಪ್ಪ ಬಾಗಿಲ ಬಳಿಯಿಂದ ನೋಡಿದ. ಅವಳು ಅಷ್ಟು ಗಮನವಿಟ್ಟು ಅವನ ಯಾವ ಮಾತನ್ನೂ ಯಾವತ್ತೂ ಕೇಳಿರಲಿಲ್ಲ, ಅದಕ್ಕೆ ಅವನಿಗೆ ಹೊಟ್ಟೆಕಿಚ್ಚೂ ಆಯಿತು.

ಶೆಡ್ಡಿನ ಹೊರಗೆ ನಲ್ಲಿಯಿತ್ತು. ಸೀಟಪ್ಪ ಕೊರಳಿಗೂ ಕೈಗೂ ಮೆತ್ತಿದ ಜಿಡ್ಡನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ, ಅದು ಹೋಗುತ್ತಿರಲಿಲ್ಲ. ಮಗಳು ಬಂದು ಕಟ್ಟೆಯ ಮೇಲೆ ಕೂತಳು. ಬಟ್ಟೆ ಅಂಗಡಿಯ ಬಗ್ಗೆ ಕೇಳುತ್ತಾಳೆಂದು ಅವನು ಉತ್ತರ ಹೊಂದಿಸುತ್ತಿದ್ದ. ಅವಳು ಕೇಳಿದ್ದು ಬೇರೆ.

“ನಿಮ್ಮ ಕಾಲೇಜಿನ ಲೇತಿಗೂ ದಿನಾ ಹೀಗೇ ಒರಗಿ ನಿಲ್ತೀರಲ್ಲಪ್ಪಾ. ಫೋಟೋದಲ್ಲೂ ಹಾಗೇ ನಿಂತಿದ್ದೀರ. ಅಲ್ಲಿ ಯಾರೂ ಬೈಯಲ್ವಾ?”

“ಅದು ಬೇರೆ ಮಾದರಿ.”

“ಓಡುತ್ತಾ?”

ಸೀಟಪ್ಪ ನಲ್ಲಿ ನಿಲ್ಲಿಸಿದ. ಮತ್ತೆ ತಿರುಗಿಸಿದ. “ವೈರ್ ಎಳೆದಿಲ್ಲ ಇನ್ನೂ. ತಪಾಸಣೆಯವರು ಬರ್ತಾರೆ ಅಂತ ಅವಸರದಲ್ಲಿ ತರಿಸಿದ್ದು. ಅವರು ನೋಡಿ ಹೋದ್ರು. ಆಮೇಲೆ… ಎಳೆಸ್ತಾರೆ.”

“ಅದರ ಮೇಲೆ ಯಾರೂ ಕೆಲಸಾನೇ ಮಾಡಿಲ್ವಾ?”

“ಒರೆಸ್ತಾರೆ ದಿನಾ,” ಎಂದ ಸೀಟಪ್ಪ.

ಅವಳು ನಗುತ್ತಾಳೆಂದುಕೊಂಡ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುತ್ತಾಳೆಂದುಕೊಂಡ; ಅವಳ ಅಮ್ಮನಾಗಿದ್ದರೆ ಅನ್ನದೇ ಬಿಡುತ್ತಿರಲಿಲ್ಲ. ಅವಳು ಅಪ್ಪನ ಕುತ್ತಿಗೆಯ ಕೆಂಪು ಬರೆಯನ್ನೂ ಅಲ್ಲಿ ಉಳಿದಿದ್ದ ಟೈಯ ಮೋಟನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

“ಹೋಗ್ಲಿ ಬಿಡಿ ಅಪ್ಪಾ. ನೀವು ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೀರ. ನನ್ನಿಂದ ನಿಮ್ಮ ಮರ್ಯಾದೆ ಹೋಗೋದು ಬೇಡ. ಇಲ್ಲೂ ಹಾಸ್ಟೆಲ್ಲಿಲ್ಲ, ಗಣಿತಕ್ಕೆ ಮೇಷ್ಟ್ರಿಲ್ಲ. ನಾನು ನಿಮ್ಮ ಕಾಲೇಜಿಗೇ ಸೇರ್ತೀನಿ.”

ಗೆದ್ದೆ ಎಂದು ಕುಣಿಯಬೇಕಿತ್ತು ಸೀಟಪ್ಪ. ಇದಕ್ಕೇ ತಾನೇ ವಾರವಿಡೀ ಗಂಟಲು ಹರಿದುಕೊಂಡದ್ದು? ಆದರೆ ಒಂದು ವಿಚಾರ ಅವನಿಗೆ ಆಗಷ್ಟೇ ಹೊಳೆಯಿತು. ಸಿಕ್ಕಸಿಕ್ಕವರ ಮನೆಗೆಲ್ಲ ಗಾಜಿನ ಕಾಲೇಜಿನ ಅರ್ಜಿ ತಲುಪಿಸಿದವನು ತನ್ನ ಮನೆಗೆ ಒಂದನ್ನೂ ತಂದಿರಲಿಲ್ಲ. ನಾಳೆ ತಂದರಾಯಿತು, ನಾಡಿದ್ದು ತಂದರಾಯಿತು ಎಂದು ದಿನ ತಳ್ಳಿದ್ದ. ಆ ಹೊಳೆಯುವ ಕೊಠಡಿಯಲ್ಲಿ, ವೈರಿಲ್ಲದ ಯಂತ್ರದ ಮುಂದೆ, ಈ ಹುಡುಗಿ ನಾಲ್ಕು ವರ್ಷ ನಿಂತಿರುವುದು ಕಣ್ಣಿಗೆ ಕಟ್ಟಿತು.

“ಬೇಡ,” ಎಂದ.

“ಯಾಕೆ?”

“ಬೇಡ ಅಂದ್ರೆ ಬೇಡ. ಅಲ್ಲೇನಿದೆ ಅಂತ ಹೋಗ್ತೀಯೇ? ಗಾಜು ಬಿಟ್ರೆ ಇನ್ನೇನಿದೆ? ಹೋದ ವರ್ಷ ಪಾಸಾದೋನೇ ಈ ವರ್ಷ ಮೇಷ್ಟ್ರು. ಲೈಬ್ರರಿ ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಆ ಹುಡುಗರಿಗೆ ಒಂದು ಮೊಳೆ ಹೊಡೆಯೋಕೆ ಬರಲ್ಲ, ಹಲ್ಲು ಕಿರಿಯೋಕೆ ಬರುತ್ತೆ, ಅದೂ ನಾನು ಕಲಿಸಿದ್ದು. ಥೂ!” ಬೈಗುಳ ಅವನ ಕಸುಬು, ಅದು ನೀರು ಹರಿದಂತೆ ಹರಿಯಿತು. ಹೊಸದೇನೆಂದರೆ ಈ ಸಲ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. “ಹೋಗು, ಆ ಗಯ್ಯಾಳಿ ಕಿಟಕಿ ಮುಚ್ಚೋದ್ರೊಳಗೆ ಅರ್ಜಿ ಹಾಕು. ಬಸ್ಸಿನಲ್ಲಿ ಓಡಾಡು, ಏನೂ ಸವೆದುಹೋಗಲ್ಲ.”

ಮಗಳು ಎದ್ದು ನಿಂತಳು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೈಯೆಲ್ಲ ಜಿಡ್ಡು, “ತೆಗೆದು ಸ್ಪೀಕರಿಗೆ ಹಾಕು,” ಎಂದ. ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು.

ಮಾತಾಡಿದ್ದು ಅವರ ಬೀದಿಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಒಬ್ಬನೇ ಮಗ, ಅವನಪ್ಪ ಇಲ್ಲ. “ಸಾರ್, ನಾಳೆ ಬೆಳಿಗ್ಗೆ ಹುಡುಗನ್ನ ಕರ್ಕೊಂಡು ನಿಮ್ಮ ಕಾಲೇಜಿಗೆ ಬರ್ತೀನಿ, ಸೇರಿಸಿಬಿಡೋಣ. ಅಣ್ಣ ತಮ್ಮಂದಿರೆಲ್ಲ ಬೇಡ ಬೇಡ ಅಂತಿದ್ದಾರೆ. ನನಗೆ ನೀವು ಒಂದೇ ಒಂದು ಮಾತು ಹೇಳಿ ಸಾಕು. ನಿಮ್ಮ ಪುಟ್ಟೀನೂ ಅಲ್ಲೇ ತಾನೇ ಸೇರ್ತಿರೋದು?”

ಸೀಟಪ್ಪ ಮಗಳ ಮುಖ ನೋಡಿದ. ನೋಡುತ್ತಲೇ, ಯೋಚನೆಗೆ ಮುಂಚೆ ನಾಲಿಗೆ ಹೊರಟುಬಿಟ್ಟಿತು. ಎಲುಬಿಲ್ಲದ ನಾಲಿಗೆ, ಅದಕ್ಕೆ ಗೊತ್ತಿದ್ದದ್ದು ಅದೊಂದೇ ದಾರಿ.

“ಹೂಂ ಅಮ್ಮ, ಅಲ್ಲೇ. ಅದರಲ್ಲೇನು ಅನುಮಾನ? ಇಬ್ಬರೂ ಒಂದೇ ಬಸ್ಸಲ್ಲಿ ಹೋಗಿ ಬರ್ತಾರೆ.”

ಮಗಳ ಮುಖದಲ್ಲಿದ್ದ ಮರುಕ ಆರಿಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ಅವನು ಚೆನ್ನಾಗಿ ಬಲ್ಲ. ಬೆಳಗಿನಿಂದ ಈ ಕಾಲೇಜಿನ ಗೇಟು, ಬೆಂಚು, ಗೋಡೆಗಳನ್ನೆಲ್ಲ ಅವನು ನೋಡಿದ್ದು ಅದೇ ಕಣ್ಣಿನಿಂದ. ಅವಳು ಫೋನನ್ನು ತನ್ನ ಬಾಯಿಯ ಹತ್ತಿರಕ್ಕೆ ತಂದಳು.

“ಅಕ್ಕಾ, ನಾನು ಪುಟ್ಟಿ. ನಾನು ಅಲ್ಲಿ ಸೇರ್ತಿಲ್ಲ, ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕ್ತಿದ್ದೀನಿ. ಈಗ ತಾನೇ ನಮ್ಮಪ್ಪನೇ ಅಲ್ಲಿ ಬೇಡ ಅಂದ್ರು.”

ಫೋನನ್ನು ಅಪ್ಪನ ಒದ್ದೆ ಕೈಯಲ್ಲಿಟ್ಟು ಅವಳು ಕಿಟಕಿಯ ಕಡೆ ನಡೆದಳು. ಫೋನಿನಲ್ಲಿ ಆ ಹೊಲಿಗೆಯ ಹೆಂಗಸು ಬಹಳ ಮೆಲ್ಲಗೆ ಕೇಳಿದಳು:

“ಸಾರ್, ಮತ್ತೆ ನಮ್ಮ ಹುಡುಗ?”